ರವಿವಾರದ ಅಕ್ಕೋರು

ಅಕ್ಕೋರ ಎಡಗೈಯ ಕಿರುಬೆರಳು ಕೊಕ್ಕೆಯ ಹಾಗೆ ಒಳಗೆ ಬಾಗಿಕೊಂಡಿದೆ. ಪುಸ್ತಕ ಹಿಡಿದರೂ ಚಹಾದ ಕಪ್ಪು ಹಿಡಿದರೂ ಆ ಒಂದು ಬೆರಳು ಮಾತ್ರ ಬೇರೆಯೇ ನಿಲ್ಲುತ್ತದೆ. ಅದನ್ನು ಮುರಿದವನು ನನ್ನ ಅಪ್ಪ.

ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಗೆ ಹತ್ತಿಕೊಂಡು ನಮ್ಮ ನೇಕಾರರ ಓಣಿ. ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವರು ಯಾರೂ ಇರಲಿಲ್ಲ. ಬಾಗಲಕೋಟೆಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ರವಿವಾರ ಬಸ್ಸು ಹತ್ತಿ ಬಂದು, ಗುಡಿಯ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಒಂದು ತಗಡಿನ ಪೆಟ್ಟಿಗೆಯಲ್ಲಿ ಅಯಸ್ಕಾಂತ, ಭೂತಗನ್ನಡಿ, ಗಾಜಿನ ನಳಿಗೆ ತರುತ್ತಿದ್ದರು. ಉಳಿದವರು ಒಮ್ಮೆ ಬಂದರೆ ಒಮ್ಮೆ ಇಲ್ಲ. ಒಂದು ವಾರವೂ ತಪ್ಪಿಸದೆ ಬಂದವರು ಅವರೊಬ್ಬರೇ. ವಯಸ್ಸಿನಲ್ಲಿ ನಮಗೆ ಅಕ್ಕನಷ್ಟೇ. ಆದರೆ ಪಾಠ ಹೇಳುವವರನ್ನೆಲ್ಲ ನಾವು ಅಕ್ಕೋರು ಎಂದೇ ಕರೆಯುವುದು.

ಅವರಷ್ಟು ಅಂಜುಬುರುಕರನ್ನು ನಾನು ನೋಡಿಲ್ಲ. ಓಣಿಯ ನಾಯಿ ಬೊಗಳಿದರೆ ಪೆಟ್ಟಿಗೆಯನ್ನು ಎದೆಗವುಚಿಕೊಂಡು ನಿಂತುಬಿಡುತ್ತಿದ್ದರು. ಕಡ್ಡಿ ಗೀರುವಾಗ ಕೈಯನ್ನು ಆದಷ್ಟು ದೂರ ಚಾಚಿ ಮುಖ ಹೊರಳಿಸುತ್ತಿದ್ದರು. ನಾವು ನಗುತ್ತಿದ್ದೆವು. ಒಮ್ಮೆ ನಾನೇ ಕೇಳಿದೆ: "ಅಕ್ಕೋರ, ನೀವೂ ಅಂಜ್ತೀರೇನ್ರಿ?"

"ಭಾಳ ಅಂಜ್ತೇನಿ," ಅಂದರು. "ಆದ್ರ ಅಂಜಿಕಿ ಬಂದಾಗ ಏನದು ಅಂತ ಮೊದ್ಲ ನೋಡ್ತೇನಿ. ಓಡೂದು ಆಮ್ಯಾಲೆ ಇದ್ದ ಇರತೈತಿ."

ಓಣಿಯ ಹಿಂದೆ ಒಂದು ಹಳೆಯ ಭಾವಿ ಇತ್ತು. ನಳ ಬಂದ ಮೇಲೆ ಅದರ ಬಾಯಿಗೆ ಪರಸಿ ಕಲ್ಲು ಹೊದಿಸಿ ಮುಚ್ಚಿದ್ದರು. ಅದರಲ್ಲಿ ದೆವ್ವವಿದೆ, ಇಣುಕಿದವರನ್ನು ಎಳೆದುಕೊಳ್ಳುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಆ ಬೇಸಿಗೆಯಲ್ಲಿ ನಳದ ನೀರು ವಾರಗಟ್ಟಲೆ ಬರಲಿಲ್ಲ. ಭಾವಿಯ ಹೂಳು ತೆಗೆಯುವುದೆಂದು ಓಣಿಯವರು ನಿಶ್ಚಯಿಸಿ, ಒಂದು ರವಿವಾರ ಬೆಳಿಗ್ಗೆ ಪರಸಿ ಸರಿಸಿದರು. ಒಳಗೆ ಎಷ್ಟು ನೀರಿದೆ ನೋಡಿ ಬರುತ್ತೇನೆಂದು ನನ್ನ ಕಾಕಾ ಹಗ್ಗ ಹಿಡಿದು ಇಳಿದ. ಅಪ್ಪನ ಒಬ್ಬನೇ ತಮ್ಮ. ಮದುವೆಯಾಗಿ ವರ್ಷ ತುಂಬಿರಲಿಲ್ಲ.

ನಾವು ಕಟ್ಟೆಯ ಮೇಲೆ ಕನ್ನಡಿಯಿಂದ ಬಿಸಿಲು ಹಿಡಿಯುತ್ತಿದ್ದಾಗ ಕೂಗು ಕೇಳಿಸಿತು. ಎಲ್ಲರೂ ಓಡಿದೆವು. ಕಾಕಾ ಅರ್ಧ ದಾರಿಯಲ್ಲೇ ಹಗ್ಗ ಬಿಟ್ಟು ಬಿದ್ದಿದ್ದಾನೆ, ಕರೆದರೆ ಓ ಅನ್ನುತ್ತಿಲ್ಲ ಎಂದು ಮಂದಿ ಹೇಳಿದರು. ಅಪ್ಪ ಆಗಲೇ ಅಂಗಿ ಬಿಚ್ಚಿ ಒಗೆದು ಹಗ್ಗಕ್ಕೆ ಕೈ ಹಾಕಿದ್ದ.

"ಇಳೀಬ್ಯಾಡ್ರಿ!"

ಅಕ್ಕೋರು ಅಷ್ಟು ಜೋರಾಗಿ ಕೂಗಿದ್ದನ್ನು ಅದೇ ಮೊದಲು ಕೇಳಿದ್ದು. "ಒಳಗ ಕೆಟ್ಟ ಗಾಳಿ ಕುಂತೈತ್ರಿ. ಇಳಿದ್ರ ನೀವೂ ಬೀಳ್ತೀರಿ!"

"ನನ್ನ ತಮ್ಮ ಒಳಗ ಬಿದ್ದಾನ!" ಅಪ್ಪ ಒಂದು ಕಾಲು ಭಾವಿಯ ಅಂಚಿನಾಚೆ ಇಟ್ಟ. ಅಕ್ಕೋರು ಹಿಂದಿನಿಂದ ಹೋಗಿ ಅವನ ಸೊಂಟ ತಬ್ಬಿ, ಎರಡೂ ಕೈಯ ಬೆರಳು ಹೆಣೆದು ನೆಲಕ್ಕೆ ಕುಸಿದು ಕುಳಿತರು. ಅಪ್ಪ ಗುದ್ದಿದ, ಮೊಣಕೈಯಿಂದ ತಿವಿದ. ಅವರ ತುಟಿ ಒಡೆದು ರಕ್ತ ಬಂತು. ಕಡೆಗೆ ಹೆಣೆದ ಬೆರಳುಗಳನ್ನು ಒಂದೊಂದಾಗಿ ಕೀಳತೊಡಗಿದ. ಕಿರುಬೆರಳು ಲಟಕ್ಕೆಂದದ್ದು ನನಗೆ ಕೇಳಿಸಿತು. ಅವರು ಚೀರಿದರು. ಕೈ ಮಾತ್ರ ಬಿಡಲಿಲ್ಲ.

"ಒಂದು ದೀಪ ಬಿಟ್ಟು ನೋಡ್ರಿ! ಬಕೀಟನ್ಯಾಗ ದೀಪ ಇಟ್ಟು ಬಿಡ್ರಿ!" ಎಂದು ಅಳುತ್ತಲೇ ಕೂಗುತ್ತಿದ್ದರು.

ಯಾರೋ ಗುಡಿಯ ಹಣತೆ ತಂದು ಬಕೆಟ್ಟಿನಲ್ಲಿಟ್ಟು ಹಗ್ಗ ಇಳಿಬಿಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ದೀಪ ಉರಿಯುತ್ತ ಇಳಿಯಿತು. ಅರ್ಧ ದಾರಿಗೆ ಹೋದದ್ದೇ ಸಣ್ಣಗಾಯಿತು. ಗಾಳಿ ಬೀಸಲಿಲ್ಲ, ಯಾರೂ ಊದಲಿಲ್ಲ, ತಾನಾಗಿಯೇ ಆರಿಹೋಯಿತು. ಭಾವಿಯ ಸುತ್ತ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ನಾಲ್ಕಾರು ಮಂದಿ ಸೇರಿ ಅಪ್ಪನನ್ನು ಹಿಡಿದುಕೊಂಡರು. ಅಗ್ನಿಶಾಮಕದವರು ಮುಖಕ್ಕೆ ಮುಖವಾಡ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದು ಕಾಕಾನನ್ನು ಮೇಲೆ ತಂದಾಗ ಅವನ ಮೈಯಲ್ಲಿ ಜೀವ ಉಳಿದಿರಲಿಲ್ಲ.

ಅಪ್ಪ ಉಳಿದ. ಆದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಹಾಗೆ ಹೇಳಲಿಲ್ಲ. "ಆಕಿ ಬಿಟ್ಟಿದ್ರ ನನ್ನ ತಮ್ಮನ್ನ ಎತ್ಕೊಂಡು ಬರ್ತಿದ್ದೆ," ಎಂದು ಅಪ್ಪ ಗೋಡೆಗೆ ಹೇಳುತ್ತಿದ್ದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಮುಟ್ಟದೆ ಕುಳಿತಿರುತ್ತಿದ್ದ. ಅವನು ಎದ್ದು ಹೊರಗೆ ಹೋದರೆ ಅವ್ವ ಒಲೆಯ ಮೇಲಿನ ರೊಟ್ಟಿ ಬಿಟ್ಟು ಹಿಂದೆಯೇ ಹೋಗುತ್ತಿದ್ದಳು. ಭಾವಿಯ ಕಡೆ ತಿರುಗುತ್ತಾನೋ ಎಂಬ ಭಯ.

ಓಣಿಯಲ್ಲಿ ಇನ್ನೊಂದು ಮಾತು ಹುಟ್ಟಿತು. ಭಾವಿ ಇಬ್ಬರನ್ನು ಬೇಡಿತ್ತು. ಒಬ್ಬನನ್ನು ಆ ಹುಡುಗಿ ತಪ್ಪಿಸಿದಳು. ಬಾಕಿಯನ್ನು ಅದು ಅದೇ ಮನೆಯಿಂದ ತೆಗೆದುಕೊಳ್ಳುತ್ತದೆ. ಅದೇ ಮನೆ ಅಂದರೆ ನಮ್ಮ ಮನೆ. ಮನೆಯಲ್ಲಿದ್ದ ಮಗು ನಾನೊಬ್ಬಳೇ. ಮಟಮಟ ಮಧ್ಯಾಹ್ನವೂ ನಾನು ಆ ಕಡೆ ಹೋಗುತ್ತಿರಲಿಲ್ಲ. ಹರವಿಯಿಂದ ನೀರು ಮೊಗೆಯುವಾಗ ಅದರ ಕತ್ತಲಿಗೆ ಅಂಜಿ ಕಣ್ಣು ಮುಚ್ಚುತ್ತಿದ್ದೆ.

ಮುಂದಿನ ರವಿವಾರ ಬಸ್ಸಿನಿಂದ ಅಕ್ಕೋರು ಒಬ್ಬರೇ ಇಳಿದರು. ಎಡಗೈಗೆ ಪಟ್ಟಿ. ಮುಖ ಬಿಳಿಚಿತ್ತು. ಕಟ್ಟೆಯವರೆಗೆ ಬರುವಷ್ಟರಲ್ಲಿ ಯಾರೋ ಎಸೆದ ಕಲ್ಲೊಂದು ಅವರ ಕಾಲ ಬಳಿ ಬಿತ್ತು. ಅವರು ನಿಂತರು. ವಾಪಸು ಹೋಗುತ್ತಾರೆ ಅಂದುಕೊಂಡೆ. ಹೋಗಲಿ ಎಂದೂ ಅನ್ನಿಸಿತು, ಇಲ್ಲಿ ಇವರಿಗೆ ಏನಾದರೂ ಆಗುತ್ತದೆ ಎಂದು. ಅವರು ಪೆಟ್ಟಿಗೆ ಕೆಳಗಿಟ್ಟು ಕೇಳಿದರು: "ಒಂದು ಕೊಳಗ ಬೇಕಾಗಿತ್ತು. ಯಾರರ ಕೊಡ್ತೀರೇನ್ರಿ?"

ಯಾರೂ ಅಲುಗಾಡಲಿಲ್ಲ. ಹೆಂಗಸರು ಬಾಗಿಲಲ್ಲಿ ನಿಂತೇ ಇದ್ದರು. ಆಗ ಕಾಕಿ, ಗಂಡನನ್ನು ಮಣ್ಣು ಮಾಡಿ ವಾರವಾಗಿದ್ದವಳು, ಒಳಗಿನಿಂದ ಹಿತ್ತಾಳೆಯ ಕೊಳಗ ತಂದು ಅವರ ಮುಂದೆ ಇಟ್ಟು, ಎದುರಿಗೇ ಕುಳಿತಳು.

ಅಕ್ಕೋರು ಕೊಳಗದ ತಳಕ್ಕೆ ಅಡಿಗೆ ಸೋಡಾ ಹಾಕಿ ಲಿಂಬೆಹಣ್ಣು ಹಿಂಡಿದರು. ಬುರುಗು ಎದ್ದು ಇಳಿಯಿತು. ಕೊಳಗ ಖಾಲಿಯಾಗಿಯೇ ಕಾಣುತ್ತಿತ್ತು. ಕಡ್ಡಿ ಗೀರಿ ಒಳಗೆ ಇಳಿಸಿದರು. ಉರಿ ಆರಿತು. ಇನ್ನೊಂದು ಗೀರಿದರು. ಅದೂ ಆರಿತು.

"ಇದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ಗಾಳಿಕಿಂತ ಭಾರ, ತಳದಾಗ ಹೋಗಿ ಕೂಡತೈತಿ. ಮುಚ್ಚಿದ ಭಾವ್ಯಾಗ ಹಿಂಥಾ ಗಾಳಿನ ತುಂಬಿರತೈತ್ರಿ. ಅದು ಯಾರ್ನೂ ಬೇಡೂದಿಲ್ಲ. ಅದಕ್ಕ ಹಸಿವಿ ಇಲ್ಲ, ಸಿಟ್ಟಿಲ್ಲ. ಬಾಕಿ ಏನೂ ಇಲ್ರಿ." ಕೊನೆಯ ಮಾತನ್ನು ನನ್ನ ಕಡೆ ನೋಡಿ ಹೇಳಿದರು. ಓಣಿಯ ಮಾತು ಬಸ್ಸಿನಲ್ಲೇ ಅವರ ಕಿವಿಗೆ ಬಿದ್ದಿರಬೇಕು. ನನ್ನ ಅಂಜಿಕೆ ಅವರಿಗೆ ಹೇಗೆ ತಿಳಿಯಿತೋ.

ಕಾಕಿ ಬಹಳ ಹೊತ್ತು ಕೊಳಗದೊಳಗೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಅವ್ರಿಗೆ ಭಾಳ ತ್ರಾಸ ಆತೇನ್ರಿ? ನನ್ನ ಕರದಿರಬೇಕೇನ್ರಿ?"

ಅಕ್ಕೋರು ಸುಳ್ಳು ಹೇಳಬಹುದಿತ್ತು. "ಖರೆ ಹೇಳ್ಬೇಕಂದ್ರ ನನಗ ಪೂರಾ ಗೊತ್ತಿಲ್ರಿ," ಅಂದರು. "ಆದ್ರ ಹಿಂಥಾ ಗಾಳ್ಯಾಗ ಲಗೂನ ಎಚ್ಚರ ತಪ್ಪತೈತ್ರಿ. ಕರಿಯಾಕ ಹೊತ್ತ ಸಿಕ್ಕಿರಾಕಿಲ್ಲ." ಕಾಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕೋರು ಪೆಟ್ಟಿಗೆ ಬಿಟ್ಟು ಬಂದು ಅವಳ ಪಕ್ಕದಲ್ಲಿ ಕುಳಿತರು. ಆ ದಿನ ಮತ್ತೆ ಪಾಠವಾಗಲಿಲ್ಲ.

ಮರುವರ್ಷದವರೆಗೂ ಅವರು ಬಂದರು. ಅಪ್ಪ ಅವರ ಮುಂದೆ ಹಾಯುತ್ತಿರಲಿಲ್ಲ. ಅವರೂ ನಮ್ಮ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಈಗ ಅವರು ಬಾದಾಮಿಯ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತೇನೆ. ಗೆಳತಿಯರ ಜೊತೆ ನಾನೂ ರವಿವಾರ ಹಳ್ಳಿಗಳಿಗೆ ಹೋಗುತ್ತೇನೆ. ನನ್ನಿಂದ ಅವರಷ್ಟು ಆದೀತೆಂದು ನನಗೆ ಧೈರ್ಯವಿಲ್ಲ.

ಅಂದು ತಮ್ಮ ಓದು ಮುಗಿದು ಓಣಿಗೆ ಕೊನೆಯ ಸಲ ಬಂದ ದಿನ ಅಕ್ಕೋರು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು. "ಹೋಗಿ ಬರ್ತೇನ್ರಿ, ಹೇಳಿ ಹೋಗೋಣಂತ ಬಂದೆ," ಅಂದರು. ಮಗ್ಗದ ಸದ್ದು ನಿಂತಿತು. ಅಪ್ಪ ಕುಣಿಯಿಂದ ಎದ್ದ. ಅವ್ವ ನನ್ನ ರಟ್ಟೆ ಹಿಡಿದುಕೊಂಡಳು. ಅವಳ ಉಗುರು ನನಗೆ ನಾಟುತ್ತಿತ್ತು. ಅಕ್ಕೋರು ಒಂದು ಹೆಜ್ಜೆ ಹಿಂದೆ ಇಟ್ಟರು.

"ಕೂಡ್ರಿ," ಅಂದ ಅಪ್ಪ. ಅವರು ಅಲ್ಲೇ ಹೊಸ್ತಿಲ ಮೇಲೆ ಕುಳಿತರು. ಅಪ್ಪ ಒಳಗೆ ಹೋದ. ಹಿಂದಿನ ತಿಂಗಳಷ್ಟೇ ಹುಟ್ಟಿದ್ದ ನನ್ನ ತಂಗಿಯನ್ನು ತೊಟ್ಟಿಲಿನಿಂದ ಎತ್ತಿಕೊಂಡು ಬಂದು ಅವರ ತೊಡೆಯ ಮೇಲೆ ಮಲಗಿಸಿದ.

ಅಕ್ಕೋರು ಉಸಿರು ಬಿಗಿಹಿಡಿದು ಕುಳಿತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕಿಯೇ ಕಡೆಗೆ ಹೇಳಿದಳು:

"ಕುತ್ತಿಗಿ ಕೆಳಗ ಕೈ ಕೊಡ್ರಿ ಅಕ್ಕೋರ. ಕೂಸಿಗೆ ಇನ್ನಾ ಕುತ್ತಿಗಿ ನಿಂತಿಲ್ಲ."