ಮೊದಲ ಕಾಯಿಗೆ ಲಾಭ

ಕಡೂರಿನ ಕಾಯಿಮಂಡಿಯಲ್ಲಿ ತೆಂಗಿನಕಾಯಿ ಎಣಿಸುವ ಮಿಷಿನ್ ಕೂರಿಸಲು ಹೋಗಿದ್ದೆ. ಕಾಯಿ ಬಿದ್ದದ್ದನ್ನು ಸೆನ್ಸರಿನಿಂದ ಓದುವ ಫಂಕ್ಷನ್ನು, ಅಂದರೆ ಪ್ರೋಗ್ರಾಮಿನ ಒಂದು ತುಣುಕು, ಸಿ ಭಾಷೆಯದು. ಅದು ವಾಪಸ್ ಕೊಟ್ಟ ಅಂಕಿಯನ್ನು ನನ್ನ ಸ್ಕ್ರಿಪ್ಟು ಸ್ಪೀಕರಿನಲ್ಲಿ ಗಟ್ಟಿಯಾಗಿ ಹೇಳಿ, ಮೊತ್ತಕ್ಕೆ ಕೂಡಿಸುತ್ತಿತ್ತು. ಮೊದಲ ಕಾಯಿ ಬಿತ್ತು. ಮಿಷಿನ್ನು "ಒಂದು" ಅಂತು.

"ನಿಲ್ಸಪ್ಪಾ!" ಅಂದರು ಮಂಡಿಯ ಯಜಮಾನಿ. "ಮೊದಲ್ನೇ ಕಾಯಿಗೆ ನಾವು ಲಾಭ ಅಂತೀವಿ, ಆಮೇಲೆ ಎರಡು, ಮೂರು. ಹಂಗನ್ನದಿದ್ರೆ ನಾನು ಲಾರಿ ಇಳ್ಸಲ್ಲ, ನಿನ್ ಮಿಷಿನ್ ನೀನೇ ತಗೊಂಡ್ಹೋಗು."

ಅವಸರಕ್ಕೆ, ಒಂದರ ಬದಲು "ಲಾಭ" ಎಂಬ ಪದವನ್ನೇ ಫಂಕ್ಷನ್ನು ವಾಪಸ್ ಕೊಡುವಂತೆ ಮಾಡಿದೆ. ಮಿಷಿನ್ನು ಸೊಗಸಾಗಿ "ಲಾಭ" ಅಂದು, ಪದವನ್ನು ಮೊತ್ತಕ್ಕೆ ಕೂಡಿಸಲು ಬಾರದೆ ಅಲ್ಲೇ ನಿಂತುಹೋಯಿತು. ಹಮಾಲರು ನಕ್ಕರು. ಕೊನೆಗೆ ಫಂಕ್ಷನ್ನಿನಿಂದ ಎರಡನ್ನೂ ವಾಪಸ್ ಕೊಡಿಸಿದೆ: ಲೆಕ್ಕಕ್ಕೆ ಅಂಕಿ, ಬಾಯಿಗೆ ಮಾತು. ಲಾರಿ ಇಳಿಯತೊಡಗಿತು.

"ಕಾಯಿ ಬೀಳೋ ಮುಂಚೆ ಮಿಷಿನ್ನು ಸೊನ್ನೆ ಅನ್ನುತ್ತಲ್ಲಮ್ಮ, ಅದಕ್ಕೆ ಏನನ್ನಿಸಲಿ?" ಅಂತ ಕೇಳಿದೆ.

"ಏನೂ ಇಲ್ದಿದ್ಮೇಲೆ ಬಾಯ್ ಯಾಕ್ ಬಿಡ್ಬೇಕು? ಸುಮ್ನಿರಕ್ಕೇಳು ಕಣಪ್ಪಾ."

ಅದೂ ಸುಲಭವೇ, ಏನನ್ನೂ ವಾಪಸ್ ಕೊಡದಿದ್ದರಾಯಿತು. ಸುಮ್ಮನಿರುವುದನ್ನು ಮಿಷಿನ್ನಿಗೆ ಒಂದೇ ಸಾಲಿನಲ್ಲಿ ಕಲಿಸಿದೆ. ಆಫೀಸಿನ ಮೀಟಿಂಗಿನಲ್ಲಿ ಕೂತಾಗ ನನಗೇ ಅದಿನ್ನೂ ಬಂದಿಲ್ಲ.