ಹೊನ್ನಾಳಿ ಸೇತುವೆಯ ಬ್ಯಾಗ್ ತಪಾಸಣೆ

ಗೆಳೆಯರೇ, ಇವತ್ತು ಸಾಕ್ಷಿಯಾಗಲು ಹೋಗಿ ಗೊಂದಲಕ್ಕೆ ಬಿದ್ದಿದ್ದೇನೆ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಎಂಬ ಅಲೆಮಾರಿ ಸಮುದಾಯದವರು. "ಹೊನ್ನಾಳಿ ಸೇತುವೆ ಹತ್ರ ಪೊಲೀಸ್ರು ನನ್ನ ಬ್ಯಾಗಷ್ಟೇ ಬಿಚ್ಚಿಸ್ತಾರೆ ಮೇಡಂ. ಇನ್ನೊಂದ್ಸಲ ತಡ ಆದ್ರೆ ಕೆಲಸ ಬಿಡ್ರಿ ಅಂದಾರೆ ಹೆಡ್‌ಮೇಷ್ಟ್ರು" ಎಂದಿದ್ದರು. ಎಲ್ಲರನ್ನೂ ತಡೆಯುತ್ತಾರೇನೋ ಎಂಬ ಅನುಮಾನ ನನಗೆ. ನೋಡಿಯೇ ಹೆಡ್‌ಮೇಷ್ಟ್ರಿಗೆ ಹೇಳುತ್ತೇನೆಂದು ಬೆಳಿಗ್ಗೆ ಅವರ ಬೈಕಿನ ಪಕ್ಕದಲ್ಲೇ ಸ್ಕೂಟರ್ ಓಡಿಸಿದೆ.

ಸೇತುವೆ ಹತ್ತಿರ ಅವರಿಗೆ ಕೈ ಅಡ್ಡ ಹಿಡಿದ ಪೇದೆ ನನ್ನನ್ನು ನೋಡಿದರು. "ನಿಮ್ ಜೊತೆಯವ್ರಾ ಮೇಡಂ? ಹೋಗ್ರಿ, ಹೋಗ್ರಿ."

ಮೇಷ್ಟ್ರು ನಕ್ಕರು. "ನೀವು ನೋಡಾಕೆ ಬಂದ್ರೆ ಹೆಂಗೆ ಕಾಣ್ತೈತ್ರೀ?"

ಈಗ ಹೆಡ್‌ಮೇಷ್ಟ್ರಿಗೆ ನಾನು ಹೇಳಬೇಕಾದದ್ದು ಇಷ್ಟು: ಸರ್, ನನ್ನ ಕಣ್ಣೆದುರು ಏನೂ ನಡೆಯಲಿಲ್ಲ, ಆದ್ದರಿಂದ ಅವರು ಹೇಳಿದ್ದು ನಿಜವಿರಬೇಕು. ನೀವಾದರೆ ನಂಬುತ್ತೀರಾ?