ಒಂದು ಮಡಿಕೆಗೆ ಒಂದು ಮಾತು

ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮಾತ್ರ ಆಗಲೇ ಹಬೆಯಾಡುತ್ತಿದೆ. ಬಟ್ಟೆ ಒಣಗಿಸುವ ಯಂತ್ರಗಳು ಪಕ್ಕದವರ ಮಾತೂ ಕೇಳಿಸದಷ್ಟು ಗದ್ದಲ ಎಬ್ಬಿಸಿವೆ. ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವ ಹೆಂಗಸು ರಾಶಿಯಿಂದ ಬೆಚ್ಚಗಿನ ಬೆಡ್‌ಶೀಟೊಂದನ್ನು ಎಳೆದುಕೊಳ್ಳುತ್ತಾರೆ. ಎರಡು ಮೂಲೆಗಳನ್ನು ಗೋಡೆಯ ಕ್ಲಿಪ್ಪುಗಳಿಗೆ ಸಿಕ್ಕಿಸಿ, ಇನ್ನೆರಡನ್ನು ಹಿಡಿದು ಹಿಂದೆ ಸರಿದು, ಒಮ್ಮೆ ಜಾಡಿಸಿ, ಗೋಡೆಯ ಕಡೆಗೇ ನಡೆದು ಮಡಚುತ್ತಾರೆ. ಗೋಡೆಯ ಹತ್ತಿರ ಬಂದಾಗ ಅವರ ತುಟಿ ಅಲುಗುತ್ತದೆ. ಏನಂದಿರಿ ಎಂದು ಕೇಳಿದರೆ ನಗುತ್ತಾರೆ.

"ಅಭ್ಯಾಸ ಬಿಡಬೇಕಲ್ಲ! ಇಲ್ಲಿ ಅವಳು ನಿಂತಿರ್ತಿದ್ಲು."

ಅವಳು ಎಂದರೆ ಅವರ ಜೊತೆಗಾತಿ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಬೆಡ್‌ಶೀಟು ಮಡಚಲು ಆ ತುದಿಗೊಬ್ಬರು, ಈ ತುದಿಗೊಬ್ಬರು ಬೇಕು. ಮೂಲೆಗೆ ಮೂಲೆ ಕೂಡಿಸಲು ಹತ್ತಿರ ಬಂದಾಗ ಮಾತ್ರ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೆ. ಹಾಗಾಗಿ ಒಂದು ಮಡಿಕೆಗೆ ಒಂದೇ ಮಾತು. ಅತ್ತೆಯ ಮೇಲಿನ ಒಂದು ದೂರು ಹೇಳಿ ಮುಗಿಸಲು ಇಡೀ ರಾಶಿ ಬೇಕಾಗುತ್ತಿತ್ತಂತೆ.

"ಒಂದ್ಸಲ 'ನಮ್ಮ ಭಾವ ಓಡಿಹೋದ್ರು ಕಣೇ' ಅಂದ್ಬಿಟ್ಟು ದೂರ ಹೋದ್ಲು. ನನಗೆ ಎದೆ ಧಸಕ್ಕಂತು. ಮತ್ತೆ ಹತ್ತಿರ ಬಂದು 'ನಾಯಿ ಅಟ್ಟಿಸ್ಕೊಂಡು ಬಂತಂತೆ' ಅಂದ್ಲು!"

ಇಬ್ಬರಿಗೂ ಈ ವರ್ಷವೇ ನಿವೃತ್ತಿಯ ವಯಸ್ಸಾಯಿತು. ಜೊತೆಗಾತಿ ಪಿಂಚಣಿ ಪಡೆದು ಮನೆಯಲ್ಲಿದ್ದಾರೆ. ದೊಡ್ಡಕ್ಕ ದಿನಗೂಲಿಯ ಮೇಲೆ ಇಲ್ಲೇ ಉಳಿದಿದ್ದಾರೆ. ಕಾರಣ, ಸೇರಿದ ದಿನ ತಾವೇ ಬಾಯಿಬಿಟ್ಟು ಕೇಳಿ ಪಡೆದ ಒಂದು ವಿನಾಯಿತಿ. ಇಲ್ಲಿ ಎಲ್ಲರ ಸಂಬಳದಲ್ಲೂ ನಿವೃತ್ತಿ ನಿಧಿಗೆಂದು ಒಂದು ಪಾಲು ಕಡ್ಡಾಯವಾಗಿ ಕಡಿತವಾಗುತ್ತದೆ. ತೀರಾ ಕಷ್ಟವಿದೆ ಎಂದವರನ್ನು ಆಗ ಅದರಿಂದ ಬಿಡುತ್ತಿದ್ದರು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಗಳು ತಿರುಚಿದ ಕಾಲಿನಲ್ಲೇ ಹುಟ್ಟಿದ ಮಗು, ಒಂದಾದ ಮೇಲೊಂದು ಆಪರೇಷನ್ ಆಗಬೇಕಿತ್ತು.

"ಸಾಹೇಬ್ರೇ, ಮುದುಕಿ ಆದಾಗಿನ ಚಿಂತೆ ಆಮೇಲೆ, ಈಗ ಪೂರ್ತಿ ಸಂಬಳ ಕೈಗೆ ಕೊಡಿ ಅಂದೆ. ಕೊಟ್ರು. ಪಾಪ, ಅವರದೇನೂ ತಪ್ಪಿಲ್ಲ."

ಎಡವಟ್ಟಾಗಿದ್ದು ಆಮೇಲೆ. ಮಗಳ ಕಾಲು ನೆಟ್ಟಗಾದ ಕೂಡಲೇ ಕಡಿತ ತಾನಾಗಿ ಶುರುವಾಗುತ್ತದೆ ಎಂದು ದೊಡ್ಡಕ್ಕ ನಂಬಿಬಿಟ್ಟರು. ಆಪರೇಷನ್ ಆಗಿದ್ದು ಇದೇ ಆಸ್ಪತ್ರೆಯಲ್ಲಿ, ಮಗಳು ಮಲಗಿದ್ದು ಅವರೇ ಮಡಚಿದ ಬೆಡ್‌ಶೀಟಿನ ಮೇಲೆ. ಮಗು ಎದ್ದು ಓಡಾಡಿದ್ದು ಮೇಲಿನ ಆಫೀಸಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಲಿಲ್ಲ. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಸಂಬಳ ಬ್ಯಾಂಕಿಗೆ ಹೋಗುತ್ತಿತ್ತು, ಬಂದಷ್ಟು ತನ್ನದು ಎಂದುಕೊಂಡರು. ಉಳಿದವರ ಜೊತೆ ಸೇರಿ "ಅಯ್ಯೋ, ಎಷ್ಟೊಂದು ಹಿಡೀತಾರಪ್ಪ" ಎಂದು ಗೊಣಗಿದ್ದೂ ಉಂಟು! ಹೇಳುತ್ತಾ ಅವರೇ ನಗುತ್ತಾರೆ. ನನಗೆ ಮಾತ್ರ ನಗಲಾಗುವುದಿಲ್ಲ.

ವಿಷಯ ತಿಳಿದದ್ದು ನಿವೃತ್ತಿಯ ಹೊತ್ತಿಗೆ, ಗೆಳತಿಯರಿಬ್ಬರೂ ಕೂಡಿಯೇ ಆಫೀಸಿನ ಮೆಟ್ಟಿಲು ಹತ್ತಿದಾಗ. ಕಡಿತ ಶುರುಮಾಡಿ ಎಂದು ನೀವೇ ಬಂದು ಕೇಳಬೇಕಿತ್ತಮ್ಮ, ಈಗ ಏನೂ ಮಾಡಲಾಗದು ಎಂದರಂತೆ ಅಧಿಕಾರಿ.

"ಕೆಳಗೆ ಇಳಿಯೋವಾಗ ಅವಳಿಗೆ ಬರೋ ಪಿಂಚಣಿ ಬಗ್ಗೆ ಅವಳಿಗೇ ನಾಚಿಕೆ. ನನಗಿಂತ ಅವಳೇ ಜಾಸ್ತಿ ಅತ್ಲು."

ಮಗಳು ಈಗ ಅಂಚೆ ಹಂಚುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಬೀದಿ ಬೀದಿ ನಡಿಗೆ. "ಸಾಕು ಬಿಡಮ್ಮ, ನಾನಿದೀನಲ್ಲ" ಎಂದು ದಿನವೂ ಹೇಳುತ್ತಾಳಂತೆ. ತಾಯಿ ಒಪ್ಪುವುದಿಲ್ಲ.

"ಅವಳಿಗೂ ಎರಡು ಮಕ್ಕಳು ಸ್ವಾಮಿ. ಆ ಕಾಲಿಗೆ ಹಾಕಿದ್ದನ್ನ ವಾಪಸ್ ಕೇಳೋಕಾಗುತ್ತಾ? ವಿನಾಯಿತಿ ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಅವಳು ಚೀಲ ಹಾಕ್ಕೊಂಡು ಬಿರಬಿರನೆ ಹೋಗೋದನ್ನ ನೀವೊಂದ್ಸಲ ನೋಡ್ಬೇಕು."

ಕಳೆದ ವಾರ ಜೊತೆಗಾತಿ ಬಂದಿದ್ದರು. ಯಾರನ್ನೋ ನೋಡಲು ಆಸ್ಪತ್ರೆಗೆ ಬಂದವರು ಸೀದಾ ಕೆಳಗಿಳಿದು, ಗೋಡೆಯಿಂದ ಬೆಡ್‌ಶೀಟು ಬಿಡಿಸಿ ಆ ತುದಿ ಹಿಡಿದೇಬಿಟ್ಟರಂತೆ. ಹತ್ತಿರ ಬಂದು "ತಿಂಡಿ ಆಯ್ತಾ?" ಮತ್ತೆ ದೂರ. ಹತ್ತಿರ ಬಂದು "ಮನೇಲಿ ಹೊತ್ತೇ ಹೋಗಲ್ಲ ಕಣೇ." ಮತ್ತೆ ದೂರ. ಅಷ್ಟರಲ್ಲಿ ರಾಶಿ ಮುಗಿಯಿತು, ಅವರಿಗೂ ಬಸ್ಸಿಗೆ ಹೊತ್ತಾಯಿತು.

ನಿಮಗೇನು ಆಸೆ ಎಂದು ಕೇಳುತ್ತೇನೆ. ಕೈಯಲ್ಲಿದ್ದ ಬೆಡ್‌ಶೀಟನ್ನು ದೊಡ್ಡಕ್ಕ ಎದೆಗೆ ಒತ್ತಿಕೊಳ್ಳುತ್ತಾರೆ.

"ನನಗೂ ಬಿಡುವು ಬೇಕು ಅನ್ಸುತ್ತೆ. ಹುಷಾರಿಲ್ದೆ ಹಾಕೋ ರಜೆ ಅಲ್ಲ, ನಾಳೆನೂ ಬರ್ಬೇಕಾಗಿಲ್ಲ ಅನ್ನೋ ಬಿಡುವು. ಅವಳ ಮನೆ ಮೆಟ್ಟಿಲ ಮೇಲೆ ಹೋಗಿ ಕೂತ್ಕೋಬೇಕು. ಇಷ್ಟು ವರ್ಷ ಒಂದು ಮಾತು ಹೇಳೋಳು, ದೂರ ಹೋಗೋಳು. ಒಂದ್ಸಲ ದೂರ ಹೋಗ್ದೆ ಪೂರ್ತಿ ಹೇಳ್ಲಿ, ನಾನು ಕೇಳ್ಬೇಕು."